ನಾಲ್ಕನೇ ನಿದ್ದೆ, ನಾಲ್ಕನೇ ಜ್ವರ

ನಮ್ಮ ರಂಗತಂಡದ ನಿರ್ದೇಶಕರು ಚಾಮರಾಜನಗರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಇಡ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಆ ಪುಸ್ತಕವನ್ನು ನನ್ನ ಮುಂದಿಟ್ಟರು.

"ಉಜ್ಬೇಕಿಸ್ತಾನದ ನಾಟಕ ಮೇಷ್ಟ್ರೇ. ಇಂಗ್ಲಿಷಿಗೆ ಬಂದಿದೆ. ಪೂರ್ತಿ ಓದಿದೀನಿ, ಒಂದಕ್ಷರ ಬಿಟ್ಟಿಲ್ಲ. ರೇಷ್ಮೆ ಹುಳು ಸಾಕೋ ಮನೆ ಕಥೆ. ನಮ್ಮ ಜಿಲ್ಲೆಗೇ ಹೇಳಿ ಬರೆಸಿದ ಹಾಗಿದೆ. ನೀವು ಕನ್ನಡಕ್ಕೆ ಮಾಡಿಕೊಡಬೇಕು."

ರೇಷ್ಮೆ ಹುಳು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಬಾಯಲ್ಲಿದ್ದ ಕಾಫಿ ಕಹಿಯಾಯಿತು. ಅಂಥ ಮನೆಯ ಮೇಲೆ ನಾಟಕ ಬರೆಯಬೇಕಾಗಿದ್ದವನು ನಾನು. ಬೇಗೂರಿನಿಂದ ಒಳಗೆ ಹೋದರೆ ಸಿಗುವ ಹಳ್ಳಿಯಲ್ಲಿ, ನಡುಮನೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ಜಗಲಿಯ ಮೇಲೆ ಮಲಗಿ ಬೆಳೆದವನು. ಆ ಮನೆಯನ್ನು ರಂಗದ ಮೇಲೆ ತರುತ್ತೇನೆಂದು ವರ್ಷಗಳಿಂದ ಹೇಳಿಕೊಂಡು ಓಡಾಡುತ್ತಿದ್ದೆ. ಮೊದಲನೇ ಅಂಕ ದಾಟಿರಲಿಲ್ಲ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ನಮ್ಮ ಕಡೆ ಹಣ್ಣಾದ ಹುಳು ಎನ್ನುತ್ತಾರೆ. ನಿರ್ದೇಶಕರು ಸಿಕ್ಕಾಗಲೆಲ್ಲ "ಏನ್ ಮೇಷ್ಟ್ರೇ, ನಿಮ್ಮ ಹುಳು ಹಣ್ಣಾದವಾ?" ಎಂದು ಛೇಡಿಸುತ್ತಿದ್ದರು. ನನ್ನವು ಹಣ್ಣಾಗುವ ಮೊದಲೇ ಯಾರೋ ಪರದೇಶದ ಪುಣ್ಯಾತ್ಮರು ಗೂಡು ಬಿಡಿಸಿ ಮಾರುಕಟ್ಟೆಗೇ ಹಾಕಿಬಿಟ್ಟಿದ್ದರು.

ಆಗುವುದಿಲ್ಲ ಎನ್ನಬಹುದಿತ್ತು. ಎಂದರೆ ಬೇರೆ ಯಾರಿಗಾದರೂ ಕೊಟ್ಟಾರು ಎಂಬ ಭಯ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ನಾಟಕದ ಹೆಸರು 'ನಾಲ್ಕನೇ ನಿದ್ದೆ'. ಒಂದು ಕಣಿವೆಯ ಹಳ್ಳಿ. ಒಬ್ಬ ತಾಯಿ, ಇಬ್ಬರು ಗಂಡುಮಕ್ಕಳು. ಕಿರಿಯವನು ದೂರದೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಅಲ್ಲಿಯೇ ಸತ್ತಿದ್ದಾನೆ. ಹಿರಿಯವನು ಆ ಸುದ್ದಿ ಹೇಳಲು ಮನೆಗೆ ಬರುತ್ತಾನೆ. ಅವನು ಬರುವ ಹೊತ್ತಿಗೆ ಹುಳುಗಳು ಪೊರೆ ಬಿಡುತ್ತಿವೆ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಹಿಪ್ಪುನೇರಳೆ ಸೊಪ್ಪಿನ ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಂತು ಹಳೆಯ ಪೊರೆ ಕಳಚುತ್ತದೆ. ಅವರ ನಾಡಿನಲ್ಲಿ ಇದಕ್ಕೆ ನಿದ್ದೆ ಎನ್ನುತ್ತಾರೆ. ಮಗ ಬಾಯಿ ತೆರೆಯುತ್ತಲೇ ತಾಯಿ ತುಟಿಯ ಮೇಲೆ ಬೆರಳಿಟ್ಟು, ಇದು ನಾಲ್ಕನೇ ನಿದ್ದೆ, ಮಾತಾಡಬೇಡ, ಎದ್ದ ಮೇಲೆ ಹೇಳು ಎನ್ನುತ್ತಾಳೆ. ಅಲ್ಲಿಂದ ಮುಂದೆ ಅವನು ಹೇಳಲಾರ, ಅವಳು ಕೇಳಳು. ಕೊನೆಗೆ ಹುಳುಗಳು ಏಳುತ್ತವೆ. ಮಗ ಸುದ್ದಿ ಹೇಳುತ್ತಾನೆ. ಅವಳು ಹುಳುಗಳ ತಟ್ಟೆಗಳ ಕಡೆ ನೋಡಿ, "ಎದ್ದವೆ. ಸೊಪ್ಪು ತಾ" ಎನ್ನುತ್ತಾಳೆ. ಅಲ್ಲಿಗೆ ತೆರೆ. ಅವಳಿಗೆ ಸಾವು ಮೊದಲೇ ಗೊತ್ತಿತ್ತೋ ಇಲ್ಲವೋ ಎಂದು ನಾಟಕಕಾರರು ಎಲ್ಲಿಯೂ ಬಾಯಿ ಬಿಡುವುದಿಲ್ಲ.

ಓದಿ ಮುಗಿಸಿ ಪುಸ್ತಕವನ್ನು ಮಂಚದ ಮೇಲೆ ಎಸೆದೆ. ನನ್ನ ಅವ್ವ ಹುಳುಮನೆಯ ಬಾಗಿಲಲ್ಲಿ ಹೀಗೇ ತುಟಿಯ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದಳು. ಅಪ್ಪ ಸಾಲಗಾರನ ಮೇಲೆ ಕೂಗಾಡುತ್ತಾ ಬಂದರೂ, ನಾನು ಪರೀಕ್ಷೆಯಲ್ಲಿ ಪಾಸಾದೆನೆಂದು ಓಡಿಬಂದರೂ, ಆ ಬೆರಳು ಕೆಳಗಿಳಿಯುತ್ತಿರಲಿಲ್ಲ. ಅದು ನನ್ನ ಮನೆಯಲ್ಲಿ ನನ್ನ ಕಣ್ಣ ಮುಂದೆ ಬಿದ್ದಿದ್ದ ನಾಟಕ. ನಾನು ಎಡವಿಕೊಂಡು ಓಡಾಡಿದೆ, ಆ ನಾಟಕಕಾರರು ಬಗ್ಗಿ ಎತ್ತಿಕೊಂಡರು. ಸತ್ತು ಎಷ್ಟೋ ಕಾಲವಾದ, ಮುಖ ಕಾಣದ ಒಬ್ಬ ಲೇಖಕರ ಮೇಲೆ ಅಷ್ಟು ಹೊಟ್ಟೆ ಉರಿದದ್ದು ಅದೇ ಮೊದಲು.

ಉರಿದುಕೊಂಡೇ ಕೆಲಸಕ್ಕೆ ಕುಳಿತೆ. ಶಾಲೆ ಮುಗಿಸಿ ಬಂದು ಸಂಜೆ ಬರೆಯುವುದು, ಭಾನುವಾರ ತಿದ್ದುವುದು. ಅವರ ರೊಟ್ಟಿಯನ್ನು ಮುದ್ದೆ ಮಾಡಿ ಎಂದರು ನಿರ್ದೇಶಕರು. ತಂದೂರಿನಲ್ಲಿ ಸುಟ್ಟ ರೊಟ್ಟಿಯನ್ನು ಮುದ್ದೆ ಮಾಡಲು ನಾನೇನು ಮಂತ್ರವಾದಿಯೇ ಎಂದು ಜಗಳವಾಡಿ ರೊಟ್ಟಿಯನ್ನೇ ಉಳಿಸಿದೆ. ಅವರಲ್ಲಿ ಹಿಪ್ಪುನೇರಳೆ ಕಾಲುವೆ ದಡದ ದೊಡ್ಡ ಮರ, ನಮ್ಮಲ್ಲಿ ಸಾಲಾಗಿ ನೆಟ್ಟ ಗಿಡ. ಅವರಲ್ಲಿ ವಸಂತದಲ್ಲಿ ವರ್ಷಕ್ಕೊಂದೇ ಬೆಳೆ, ನಮ್ಮಲ್ಲಿ ಒಂದರ ಹಿಂದೊಂದು. ಇವೆಲ್ಲ ಹೇಗೋ ಹೊಂದಿಕೊಂಡವು. ಹೊಂದದೆ ಮೊಂಡು ಹಿಡಿದದ್ದು ನಿದ್ದೆ ಎಂಬ ಪದ. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ನಿದ್ದೆ ಎನ್ನುವುದಿಲ್ಲ, ಜ್ವರ ಎನ್ನುತ್ತೇವೆ. ಹುಳು ಜ್ವರಕ್ಕೆ ಕೂತವೆ, ಜ್ವರ ಎದ್ದವೆ, ಇದು ಎರಡನೇ ಜ್ವರ, ಇದು ನಾಲ್ಕನೇದು. ಹಳ್ಳಿಯವರ ಬಾಯಲ್ಲಿ ಅದು ಜರ. 'ನಾಲ್ಕನೇ ಜ್ವರ' ಎಂದೇ ಹೆಸರಿಡೋಣ ಎಂದೆ. ನಿರ್ದೇಶಕರು ಒಪ್ಪಲಿಲ್ಲ.

"ನಾಟಕದ ತುಂಬ ನಿದ್ದೆ ಮಾತೇ ಇದೆ ಮೇಷ್ಟ್ರೇ. ಮಗನಿಗೆ ನಿದ್ದೆ ಬರಲ್ಲ, ತಾಯಿ ನಿದ್ದೆಗೆಡ್ತಾಳೆ. ಅದನ್ನೆಲ್ಲ ಜ್ವರ ಮಾಡಿದ್ರೆ ಡಾಕ್ಟರು ಯಾವಾಗ ಬರ್ತಾನೆ ಅಂತ ಜನ ಕಾಯ್ತಾರೆ."

ನಿದ್ದೆ ಎಂದೇ ಬರೆದೆ. ಆದರೆ ಒಂದು ಕಡೆ ಗೆದ್ದೆ. ನಮ್ಮ ಕಡೆಯವರಿಗೆ ಹಕಾರ ನಾಲಿಗೆಗೆ ಬರುವುದಿಲ್ಲ. 'ಹೇಳು' ಎನ್ನುವುದೂ 'ಏಳು', ಮೇಲೇಳು ಎನ್ನುವುದೂ 'ಏಳು'. ತಾಯಿಯ ಮಾತನ್ನು "ಮಾತಾಡ್ಬ್ಯಾಡ. ಎದ್ದ ಮ್ಯಾಕೆ ಏಳು" ಎಂದು ಬರೆದೆ. ಹುಳು ಎದ್ದ ಮೇಲೆ ನೀನೂ ಎದ್ದೇಳು ಎಂದೂ ಆಯಿತು, ಎದ್ದ ಮೇಲೆ ಸುದ್ದಿ ಹೇಳು ಎಂದೂ ಆಯಿತು. ಇದು ಆ ಪುಣ್ಯಾತ್ಮರ ಭಾಷೆಗೆ ದಕ್ಕುತ್ತದೆಯೇ ಎಂದು ಒಬ್ಬನೇ ಕುಳಿತು ಮೀಸೆ ತಿರುವಿದೆ.

ನಾಟಕವಾಡಲು ಅನುಮತಿ ಕೊಟ್ಟವರು ನಾಟಕಕಾರರ ಮಗಳು. ತಾಷ್ಕೆಂಟಿನಲ್ಲಿದ್ದಾರೆ. ಎರಡು ಷರತ್ತು ಹಾಕಿದ್ದರು. ಒಂದು, ಏನನ್ನೂ ಕತ್ತರಿಸಬಾರದು. ಎರಡು, ಪ್ರೇಕ್ಷಕರಿಗೆ ಹಂಚುವ ಕರಪತ್ರದಲ್ಲಿ ತಂದೆಯ ಬದುಕಿನ ಬಗ್ಗೆ ಒಂದು ಪುಟ ಇರಬೇಕು. ಏನನ್ನೂ ಸೇರಿಸಬಾರದು ಎಂದು ಅವರು ಹೇಳಿರಲಿಲ್ಲ, ಅದು ಅವರಿಗೆ ತೋಚಿರಲಿಕ್ಕಿಲ್ಲ. ಆ ಪುಟ ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ಹೊಟ್ಟೆಕಿಚ್ಚು ಪಡುವವನ ಕೈಯಲ್ಲೇ ಹೊಗಳಿಸಿಕೊಳ್ಳುವ ಯೋಗ ಎಲ್ಲ ಲೇಖಕರಿಗೂ ಇರುವುದಿಲ್ಲ.

ನಾನು ಇ-ಮೇಲಿನಲ್ಲಿ ಕೇಳುತ್ತಿದ್ದೆ, ಆಕೆ ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಉತ್ತರಿಸುತ್ತಿದ್ದರು. ತಂದೆ ಹುಟ್ಟಿದ್ದು ಫರ್ಗಾನಾ ಕಣಿವೆಯ ಹಳ್ಳಿಯಲ್ಲಿ. ಹುಳು ಬಂದಾಗ ಮನೆಯವರೆಲ್ಲ ಕೋಣೆ ಬಿಟ್ಟು ಅಂಗಳಕ್ಕೆ ಬೀಳುತ್ತಿದ್ದರು. ಚಳಿ ಹೋಗಲಾಡಿಸಲು ಒಲೆ ಹಚ್ಚುತ್ತಿದ್ದುದು ಹುಳುವಿನ ಕೋಣೆಯಲ್ಲಿ ಮಾತ್ರ, ಅದಕ್ಕೇ ಅವರು ಅಕ್ಷರ ಕಲಿತದ್ದು ಹುಳುಗಳ ನಡುವೆ. ಮುಂದೆ ತಾಷ್ಕೆಂಟಿಗೆ ಹೋಗಿ ಪತ್ರಿಕೆಯೊಂದರಲ್ಲಿ ಕರಡು ತಿದ್ದಿದರು. ಮೊದಲ ಕಾದಂಬರಿಯಲ್ಲಿ ದುಃಖ ಹೆಚ್ಚಾಯಿತೆಂದು ಮೇಲಿನವರು ಅಚ್ಚಿಗೆ ಬಿಡಲಿಲ್ಲ. ಅವರು ಅದನ್ನು ಪಕ್ಕಕ್ಕಿಟ್ಟು ನಾಟಕಕ್ಕೆ ಕೈ ಹಾಕಿದರು, ಹತ್ತಿ ಬಿಡಿಸಿ ದಣಿದು ಬಂದವರ ಮುಂದೆ ಹಳ್ಳಿಯ ಕ್ಲಬ್ಬುಗಳಲ್ಲಿ ಆಡಿಸಿದರು. ಕಾದಂಬರಿ ಅಚ್ಚಾಗುವ ಹೊತ್ತಿಗೆ ಅವರ ತಲೆ ನೆರೆತಿತ್ತು.

ಒಂದು ಉತ್ತರದಲ್ಲಿ ಲಿಪಿಯ ವಿಷಯ ಬಂತು. ತಂದೆಯ ಅಜ್ಜಿ ಓದುತ್ತಿದ್ದುದು ಅರಬ್ಬಿ ಅಕ್ಷರದಲ್ಲಿ. ತಂದೆ ಪುಸ್ತಕ ಬರೆದದ್ದು ರಷ್ಯನ್ ಅಕ್ಷರದಲ್ಲಿ. ಈಗ ಶಾಲೆಗಳಲ್ಲಿ ಕಲಿಸುವುದು ಲ್ಯಾಟಿನ್ ಅಕ್ಷರ. "ಭಾಷೆ ಅದೇ, ಆದರೆ ಅಪ್ಪನ ಪುಸ್ತಕವನ್ನು ನನ್ನ ಮಗ ತಡವರಿಸಿ ಓದುತ್ತಾನೆ" ಎಂದು ಬರೆದಿದ್ದರು. ಅದನ್ನು ಓದಿ ನನ್ನ ಉರಿ ಒಂದು ಗಳಿಗೆ ತಣ್ಣಗಾಯಿತು. ಪಾಪ ಎನಿಸಿತು. ಮುಂದಿನ ಸಾಲಿನಲ್ಲಿ ಆಕೆ, ಈ ನಾಟಕವನ್ನು ಅಪ್ಪ ಒಂದು ವಸಂತದಲ್ಲಿ, ಒಂದು ಹುಳುವಿನ ಬೆಳೆ ಮುಗಿಯುವುದರೊಳಗೆ ಬರೆದು ಮುಗಿಸಿದರು ಎಂದಿದ್ದರು. ಮತ್ತೆ ಹತ್ತಿಕೊಂಡಿತು.

ಆ ಸಿಟ್ಟಿನಲ್ಲೇ ನನ್ನದೇ ಒಂದು ದೃಶ್ಯ ಬರೆದದ್ದು. ನಾಲ್ಕನೇ ದೃಶ್ಯ ಅನುವಾದಿಸಿ ಮುಗಿಸಿದ್ದೆ. ಅದರಲ್ಲಿ ಮಗ ನೀರು ತರಲು ಹೋಗುತ್ತಾನೆ, ತಾಯಿ ಒಬ್ಬಳೇ ನಿಲ್ಲುತ್ತಾಳೆ, ದೀಪ ಆರುತ್ತದೆ. ಇಂಥ ಕಡೆ ಆರಿಸುತ್ತಾರೇನ್ರೀ ದೀಪವನ್ನು ಎಂದು ನಾಟಕಕಾರರೊಂದಿಗೆ ಮನಸ್ಸಿನಲ್ಲೇ ಜಗಳ ತೆಗೆದೆ. ಬೇರೆ ಹಾಳೆ ಎಳೆದುಕೊಂಡು, ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ತೋರಿಸಿಯೇಬಿಡೋಣವೆಂದು ಬರೆದೆ. ಯಾರಿಗೆ ತೋರಿಸಲು ಎಂದು ಕೇಳಬೇಡಿ. ತಾಯಿ ತಟ್ಟೆಯ ಮೇಲೆ, ಮಗುವಿನ ಹಣೆ ಮುಟ್ಟಿ ನೋಡುವಂತೆ, ಹಿಂಗೈ ಇಡುತ್ತಾಳೆ. ಹುಳುಗಳಿಗೆ ಹೇಳುತ್ತಾ ಹೇಳುತ್ತಾ ಸತ್ತ ಮಗನಿಗೆ ಹೇಳತೊಡಗುತ್ತಾಳೆ.

"ನಿಂಗೂ ಇಂಗೇ ಅಲ್ವಾ ಮಗಾ. ಜರ ಬಂದ್ರೆ ಉಣ್ಣಾಕಿಲ್ಲ, ಮಾತಾಡಾಕಿಲ್ಲ, ತಲೆ ಎತ್ಕಂಡು ಸುಮ್ಕೆ ಕೂತ್ಕತಿದ್ದೆ. ನಾನು ಕೈ ಮಡಗ್ತಿದ್ದೆ. ನಾಕು ಜರ ಎದ್ದೋನು ನೀನು. ಉಳಕ್ಕೇ ಇಲ್ದಿರೋ ಐದ್ನೇ ಜರ ನಿಂಗ್ಯಾಕ್ ಬಂತು ಮಗಾ?"

ಬರೆದು ಮುಗಿಸಿದಾಗ ಕಣ್ಣು ಒದ್ದೆಯಾಗಿತ್ತು. ನಿದ್ದೆ ಎನ್ನುವವರಿಗೆ ಇದು ದಕ್ಕುವುದಿಲ್ಲ, ಜ್ವರ ಎನ್ನುವ ನಮಗೇ ದಕ್ಕುವುದು. ಖುಷಿಯಾಗಿ ಹಾಳೆಗಳನ್ನು ಅಲ್ಲೇ ನಾಲ್ಕನೇ ದೃಶ್ಯದ ಕೆಳಗೆ ಸಿಕ್ಕಿಸಿ ಮಲಗಿದೆ.

ಎಡವಟ್ಟಾದದ್ದು ಅಲ್ಲಿ. ಅನುವಾದ ಮುಗಿದ ಮೇಲೆ ಕಟ್ಟನ್ನು ಹಾಗೇ ಎತ್ತಿಕೊಂಡು ಹೋಗಿ ಟೈಪಿಂಗಿಗೆ ಕೊಟ್ಟೆ. ಅಂಗಡಿಯಾತ ಸಿಕ್ಕಿದ್ದನ್ನೆಲ್ಲ ಸಾಲಾಗಿ ಹೊಡೆದು, ನನ್ನ ಹಾಳೆಗಳಿಗೆ ಐದನೇ ದೃಶ್ಯವೆಂದು ತಾನೇ ಹೆಸರಿಟ್ಟು, ಪ್ರತಿಗಳನ್ನು ನೇರವಾಗಿ ನಿರ್ದೇಶಕರಿಗೆ ತಲುಪಿಸಿಬಿಟ್ಟಿದ್ದ. ನನಗೆ ಗೊತ್ತಾದದ್ದು ಮೊದಲ ಓದಿನ ದಿನ, ಶಾಲೆಯ ಸಭಾಂಗಣದಲ್ಲಿ ಎಲ್ಲರೂ ಸುತ್ತ ಕುಳಿತಿದ್ದಾಗ.

ತಾಯಿಯ ಪಾತ್ರ ಬೇಗೂರಿನ ಒಬ್ಬ ಹೆಣ್ಣುಮಗಳದ್ದು. ಮದುವೆಯಾಗಿ ಚಾಮರಾಜನಗರದಲ್ಲಿದ್ದಳು, ಬದನಗುಪ್ಪೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ. ನಮ್ಮ ಹೋಬಳಿಯವಳೆಂದು ನನಗೆ ಸ್ವಲ್ಪ ಹೆಚ್ಚೇ ಸಲಿಗೆ. ಆಕೆ ನಾಲ್ಕನೇ ದೃಶ್ಯ ಮುಗಿಸಿ ಹಾಳೆ ಮಗುಚಿ, "ನಿಂಗೂ ಇಂಗೇ ಅಲ್ವಾ ಮಗಾ" ಎಂದು ಶುರು ಮಾಡಿದಳು. ನಿಲ್ಲಿಸಿ ಎನ್ನಲು ಕೈಯೆತ್ತಿದೆ. ಅಷ್ಟರಲ್ಲಿ ಆಕೆಯ ದನಿ ನಡುಗಿತು. ಐದನೇ ಜ್ವರದ ಮಾತಿಗೆ ಬರುವಾಗ ಮಗನ ಪಾತ್ರಧಾರಿ ಮೂಗೊರೆಸಿಕೊಳ್ಳುತ್ತಿದ್ದ. ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ.

ನಿರ್ದೇಶಕರು ಕನ್ನಡಕ ತೆಗೆದರು. "ನೋಡಿದ್ರಾ? ಇದು ಬರವಣಿಗೆ. ಇಂಗ್ಲಿಷಿನಲ್ಲಿ ಓದುವಾಗಲೇ ಈ ದೃಶ್ಯಕ್ಕೆ ನಾನು ಅತ್ತಿದ್ದೆ. ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ, ಇಂಥದನ್ನ ಬರೆಯೋಕೆ ಅಂಥವರೇ ಹುಟ್ಟಬೇಕು."

ಇಂಗ್ಲಿಷಿನಲ್ಲಿ ಓದಿ ಅತ್ತರಂತೆ! ಅವರು ಪುಸ್ತಕದ ಬೆನ್ನಿನ ಮೇಲಿರುವುದನ್ನು ಬಿಟ್ಟು ಒಳಗೆ ಕಾಲಿಟ್ಟಿಲ್ಲವೆಂದು ನನಗೆ ಅಂದೇ ಖಾತ್ರಿಯಾಯಿತು. ಆದರೆ ನಗು ಬರಲಿಲ್ಲ. ನನ್ನ ಜೀವಮಾನದಲ್ಲಿ ನಾನು ಬರೆದದ್ದಕ್ಕೆ ಯಾರೂ ಹಾಗೆ ಅತ್ತಿರಲಿಲ್ಲ. ಅತ್ತಾಗ ಆ ಕಣ್ಣೀರೂ ಹೋಗಿ ಫರ್ಗಾನಾ ಕಣಿವೆ ಸೇರಿತು. ನನ್ನದು ಎಂದು ಹೇಳಿಬಿಡಬೇಕೆನಿಸಿತು. ಹೇಳಿದರೆ ತೆಗೆಯಿರಿ ಎಂದಾರು. ತೆಗೆದರೆ ಆಕೆಯ ಬಾಯಲ್ಲಿ ಆ ಮಾತು ಮತ್ತೆ ಕೇಳಲಾರೆ. ಪ್ರತಿ ತಾಲೀಮಿಗೂ ತಪ್ಪದೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ನನ್ನ ದೃಶ್ಯವನ್ನು ಕಳ್ಳನಂತೆ ಸವಿದೆ.

ತಾಲೀಮು ಮುಂದುವರಿದಂತೆ ಒಂದು ತೊಡಕು ಕಾಣಿಸಿಕೊಂಡಿತು. ಕೊನೆಯ ದೃಶ್ಯ ಮೇಲೇಳುತ್ತಲೇ ಇರಲಿಲ್ಲ. ಮಗ ಸುದ್ದಿ ಹೇಳುತ್ತಾನೆ, ಆಕೆ "ಎದ್ದವೆ. ಸೊಪ್ಪು ತಾ" ಎನ್ನುತ್ತಾಳೆ, ಅಂಗಡಿಯಲ್ಲಿ ಉಪ್ಪು ಕೇಳಿದಂತಿರುತ್ತಿತ್ತು. ನಿಧಾನವಾಗಿ ಹೇಳಿಸಿದರು, ಬೆನ್ನು ತಿರುಗಿಸಿ ಹೇಳಿಸಿದರು, ದೀಪ ಇಳಿಸಿದರು, ತಟ್ಟೆಗಳ ಜಾಗ ಬದಲಿಸಿದರು. ಏನೂ ಆಗಲಿಲ್ಲ.

"ಸಾ, ನಾನು ಏನ್ ಮಾಡ್ಲಿ ಏಳಿ?" ಎಂದು ಆಕೆ ಅಳುವ ಹಾಗಾದಳು. "ಅಲ್ಲಿಗ್ ಬರೋ ಒತ್ಗೆ ನನ್ನೊಳ್ಗೆ ಏನೂ ಉಳಿದಿರಾಕಿಲ್ಲ."

ಆ ಮಾತು ನನಗೆ ಚುಚ್ಚಿತು. ಯಾಕೆ ಚುಚ್ಚಿತೆಂದು ಆಗ ಯೋಚಿಸಲು ಹೋಗಲಿಲ್ಲ.

ಒಂದು ಸಂಜೆ ಬದನಗುಪ್ಪೆಯಿಂದ ಬರುವ ಆಕೆಯ ಬಸ್ಸು ಕೆಟ್ಟು ನಿಂತಿತು. ಬೇರೆ ಗಾಡಿ ಹಿಡಿದು ಬರುವಷ್ಟರಲ್ಲಿ ಸಭಾಂಗಣ ಮುಚ್ಚುವ ಹೊತ್ತಾಗಿತ್ತು. ಕೊನೆಯದೊಂದನ್ನಾದರೂ ಮಾಡಿಬಿಡೋಣ ಎಂದರು ನಿರ್ದೇಶಕರು. ಆಕೆ ಚೀಲ ಇಳಿಸಿ, ಸೆರಗು ಸಿಕ್ಕಿಸಿ ನಿಂತಳು. ಮಗ ಹೇಳಿದ. ಆಕೆ ತಟ್ಟೆ ನೋಡಿದಳು. "ಎದ್ದವೆ" ಎಂದಳು. ಸ್ವಲ್ಪ ತಡೆದು, "ಸೊಪ್ಪು ತಾ" ಎಂದಳು. ಬೀಗದ ಕೈ ಹಿಡಿದು ಕಾಯುತ್ತಿದ್ದ ಕಾವಲುಗಾರನೂ ಅಲುಗಾಡಲಿಲ್ಲ. ನನ್ನ ಅವ್ವ ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು.

"ದಣಿದು ಬಂದಿದ್ದಾಳೆ, ಅದಕ್ಕೇ ಬಂತು!" ಎಂದು ನಿರ್ದೇಶಕರು ಕುಣಿದಾಡಿದರು. ಮಾರನೆಯ ದಿನ ಆಕೆಯನ್ನು ಮೈದಾನದಲ್ಲಿ ಓಡಿಸಿ ದಣಿಸಿ ನಾಟಕ ಶುರು ಮಾಡಿಸಿದರು. ಕೊನೆಯ ದೃಶ್ಯ ಮತ್ತೆ ಸತ್ತುಬಿತ್ತು.

ನನಗೆ ಮಾತ್ರ ಗೊತ್ತಿತ್ತು. ಕೆಟ್ಟುನಿಂತ ಬಸ್ಸಿನ ಕೃಪೆಯಿಂದ ಅಂದು ನನ್ನ ದೃಶ್ಯ ಬಿಟ್ಟುಹೋಗಿತ್ತು. ತಾಯಿಗೆ ಸಾವು ಗೊತ್ತಿದೆಯೋ ಇಲ್ಲವೋ ಎಂದು ನಾಟಕಕಾರರು ಕೊನೆಯವರೆಗೂ ಬಿಗಿಹಿಡಿದದ್ದನ್ನು ನಾನು ನಡುವೆಯೇ ಒಡೆದುಬಿಟ್ಟಿದ್ದೆ. ಐದನೇ ಜ್ವರವೆಂದು ಅತ್ತು ಮುಗಿಸಿದವಳು ಕೊನೆಯಲ್ಲಿ ಸೊಪ್ಪು ಕೇಳಿದರೆ ಅದು ಬರೀ ಸೊಪ್ಪು. ನಾಲ್ಕನೇ ದೃಶ್ಯದಲ್ಲಿ ಅವರು ದೀಪ ಆರಿಸಿದ್ದು ಯಾಕೆಂದು ಈಗ ತಿಳಿಯಿತು. ತಿಳಿದು ಇನ್ನಷ್ಟು ಹೊಟ್ಟೆ ಉರಿಯಿತು.

ಆದರೂ ಬಾಯಿ ಬಿಡಲಿಲ್ಲ. ನಾಳೆ ಸರಿಹೋದೀತು ಎಂದುಕೊಂಡೆ. ಆ ವಾರದ ಕೊನೆಗೆ ನಿರ್ದೇಶಕರು ನನ್ನನ್ನು ಟೀ ಅಂಗಡಿಗೆ ಕರೆದೊಯ್ದರು.

"ಆಕೆ ಕೈಲಿ ಆಗಲ್ಲ ಮೇಷ್ಟ್ರೇ. ಮೈಸೂರಿಂದ ಪಳಗಿದ ಕಲಾವಿದೆ ಒಬ್ಬರನ್ನ ಮಾತಾಡಿದೀನಿ. ಐದನೇ ದೃಶ್ಯನಂತೂ ಅವರು ಎಲ್ಲಿಗೋ ಒಯ್ತಾರೆ. ನಾಳೆ ಇವಳಿಗೆ ಹೇಳ್ಬಿಡ್ತೀನಿ."

ಒಂದು ಕ್ಷಣ ನನಗೆ ಆಸೆಯಾಯಿತು, ಸುಳ್ಳೇಕೆ ಹೇಳಲಿ. ನನ್ನ ಮಾತು ಪಳಗಿದವರ ಬಾಯಲ್ಲಿ. ಆದರೆ ತಾಲೀಮಿಗೆಂದು ದಿನಾ ಬಸ್ಸಿನಿಂದಿಳಿದು ಓಡಿಬರುತ್ತಿದ್ದ ಆಕೆಯ ಮುಖ ಕಣ್ಣ ಮುಂದೆ ಬಂತು. ತಪ್ಪು ನನ್ನ ಹಾಳೆಯದ್ದು, ಮನೆಗೆ ಹೋಗಬೇಕಾದವಳು ಆಕೆ. ಟೀ ಲೋಟ ಕೆಳಗಿಟ್ಟೆ.

"ಐದನೇ ದೃಶ್ಯ ತೆಗೀರಿ. ಕೊನೆಯದು ತಾನಾಗೇ ಸರಿಹೋಗುತ್ತೆ."

"ತೆಗೆಯೋದಾ? ಏನನ್ನೂ ಕತ್ತರಿಸಬಾರದು ಅಂದಿದ್ದಾರೆ ಅವರ ಮಗಳು."

"ಅದು ಅವರದ್ದಲ್ಲ. ನಾನು ಬರೆದದ್ದು."

ನಿರ್ದೇಶಕರು ನನ್ನನ್ನು ನೋಡಿ ಮರುಕದಿಂದ ನಕ್ಕರು. "ನಿಮಗೆ ಅವರ ಮೇಲೆ ಹೊಟ್ಟೆಕಿಚ್ಚು ಅಂತ ಗೊತ್ತಿತ್ತು. ಅವರ ದೃಶ್ಯನೇ ನನ್ನದು ಅನ್ನೋಷ್ಟು ಅಂತ ಗೊತ್ತಿರಲಿಲ್ಲ ಮೇಷ್ಟ್ರೇ."

ಚೀಲದಿಂದ ಇಂಗ್ಲಿಷ್ ಪುಸ್ತಕ ತೆಗೆದು ಅವರ ಮುಂದೆ ಕುಕ್ಕಿದೆ. ಹುಡುಕಿ ಎಂದೆ. ಅವರು ಹಾಳೆ ತಿರುವಿದರು, ಹಿಂದೆ ಹೋದರು, ಮುಂದೆ ಬಂದರು. ಟೀ ಕೆನೆಗಟ್ಟಿತು.

"ಮತ್ತೆ ನಾನು ಓದಿ ಅತ್ತಿದ್ದು?"

"ಅದನ್ನ ನೀವೇ ಹೇಳಬೇಕು."

ಅವರು ಪುಸ್ತಕದ ಬೆನ್ನು ಸವರಿದರು. ಆಮೇಲೆ ಮೆಲ್ಲಗೆ, "ಇಷ್ಟು ಚೆನ್ನಾಗಿ ಬರೀತೀರಲ್ಲ ಮೇಷ್ಟ್ರೇ" ಎಂದರು. ಎಷ್ಟೋ ವರ್ಷಗಳಿಂದ ಆ ಮನುಷ್ಯನ ಬಾಯಿಂದ ಕೇಳಬೇಕೆಂದು ಕಾದಿದ್ದ ಮಾತು. ಬಂದದ್ದು ಅದನ್ನು ಕಿತ್ತು ಬಿಸಾಡುವ ದಿನ.

ಮಾರನೆಯ ಸಂಜೆ ತಂಡಕ್ಕೆಲ್ಲ ಹೇಳಿದೆವು. ತಾಯಿಯ ಪಾತ್ರದವಳು ಹಾಳೆ ಎದೆಗವಚಿಕೊಂಡಳು.

"ನೀವ್ ಬರ್ದಿದ್ದಾ ಮೇಷ್ಟ್ರೇ? ಅದ್ಕೇಯಾ ನಮ್ಮವ್ವ ಮಾತಾಡ್ದಂಗಿತ್ತು. ತೆಗೀಬ್ಯಾಡಿ ಕಣಿ. ಬೇಕಾರೆ ಕೊನೇದ್ನೇ ತೆಗ್ದು ಆಕ್ಬುಡಿ."

"ಕೊನೇದು ತೆಗೆದ್ರೆ ನಾಟಕವೇ ಇಲ್ಲ ಕಣವ್ವ. ಕೊಡು ಇಲ್ಲಿ."

ಅವಳ ಕೈಯಿಂದ ನಾನೇ ಕಿತ್ತುಕೊಂಡೆ. ಎಲ್ಲರ ಪ್ರತಿಯಿಂದಲೂ ಆ ಹಾಳೆಗಳನ್ನು ತೆಗೆದು ಚೀಲಕ್ಕೆ ತುರುಕಿದೆ. ಅಂದಿನ ತಾಲೀಮಿನಲ್ಲಿ ಕೊನೆಯ ದೃಶ್ಯ ಮೇಲೆದ್ದು ನಿಂತಿತು. ಮೈಸೂರಿನ ಕಲಾವಿದೆಗೆ ಬರುವುದು ಬೇಡವೆಂದು ನಿರ್ದೇಶಕರು ಫೋನ್ ಮಾಡಿದರು. ನಾನು ತಾಷ್ಕೆಂಟಿಗೆ ನಡೆದದ್ದೆಲ್ಲ ಬರೆದು, ಆ ದೃಶ್ಯವನ್ನೂ ಇಂಗ್ಲಿಷಿಗೆ ತಿರುಗಿಸಿ ಕಳಿಸಿದೆ. ಹೊಗಳುತ್ತಾರೇನೋ ಎಂಬ ಆಸೆ ಇರಲಿಲ್ಲವೆಂದಲ್ಲ. "ತೆಗೆದದ್ದಕ್ಕೆ ಧನ್ಯವಾದ. ನಿಮ್ಮ ಜನ ಅದಕ್ಕೆ ಜ್ವರ ಎನ್ನುವುದು ವಿಚಿತ್ರ. ನಮಗೆ ಅದು ವಿಶ್ರಾಂತಿ" ಎಂದಷ್ಟೇ ಉತ್ತರ ಬಂತು.

ಮೊದಲ ಪ್ರದರ್ಶನ ಗುಂಡ್ಲುಪೇಟೆಯಲ್ಲಿ. ಸುತ್ತಲಿನ ಹಳ್ಳಿಗಳಲ್ಲಿ ಹುಳು ಸಾಕುವವರನ್ನೆಲ್ಲ ಕರೆದಿದ್ದೆವು. ಕರಪತ್ರದಲ್ಲಿ ಆ ಲೇಖಕರ ಬದುಕಿಗೆ ಒಂದು ಪುಟ, ಅನುವಾದಕನಿಗೆ ಕೊನೆಯಲ್ಲಿ ಒಂದು ಸಾಲು. ನಾನು ಪಕ್ಕದ ಪರದೆಯ ಹಿಂದೆ ನಿಂತೆ. ಮಗ ಬಂದ, ಬಾಯಿ ತೆರೆದ. ಆಕೆ ತುಟಿಯ ಮೇಲೆ ಬೆರಳಿಟ್ಟಳು. "ನಾಕ್ನೇ ನಿದ್ದೆ. ಮಾತಾಡ್ಬ್ಯಾಡ."

"ನಿದ್ದೆ ಅಲ್ಲ ಕಣವ್ವಾ, ಜರ!" ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಗಟ್ಟಿಯಾಗಿ ಹೇಳಿದರು.

ಸಭೆ ಗೊಳ್ಳೆಂದು ನಕ್ಕಿತು. ನನ್ನ ಪದ! ಪರದೆಯ ಹಿಂದೆ ನನಗೆ ಕುಣಿಯುವಂತಾಯಿತು, ನಾಟಕ ಹೋಯಿತೆಂದು ಹೆದರಿಕೆಯೂ ಆಯಿತು. ಆಕೆ ಬೆರಳನ್ನು ತುಟಿಯಿಂದ ತೆಗೆಯದೆ ಅಜ್ಜಿಯ ಕಡೆ ತಿರುಗಿದಳು.

"ನಿಮ್ಮೂರಲ್ಲಿ ಜರ ಅಂತೀರಿ. ನಮ್ಮೂರಲ್ಲಿ ನಿದ್ದೆ ಅಂತೀವಿ ಕಣಮ್ಮ. ಮೆತ್ಗೆ, ಎದ್ಬುಟ್ಟಾವು."

ಅಜ್ಜಿ ತಾವೇ ಬಾಯಿಗೆ ಸೆರಗು ಇಟ್ಟುಕೊಂಡರು. ಸಭೆಗೆ ಸಭೆಯೇ ದನಿ ತಗ್ಗಿಸಿತು, ಕೆಮ್ಮು ಬಂದವರು ಹೊರಗೆದ್ದು ಹೋದರು. ಇದನ್ನು ಉಜ್ಬೇಕ್ ಲೇಖಕರೂ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಈಗ ಆಕೆಯ ಮೇಲೂ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನಾಲ್ಕನೇ ದೃಶ್ಯದ ಕೊನೆ. ಮಗ ನೀರಿಗೆ ಹೋದ, ಆಕೆ ಒಬ್ಬಳೇ ನಿಂತಳು. ದೀಪ ಆರುವ ಮುಂಚೆ, ಯಾರೂ ಹೇಳಿಕೊಡದಿದ್ದರೂ, ತಟ್ಟೆಯ ಮೇಲೆ ಹಿಂಗೈ ಇಟ್ಟಳು. ಮಾತಿಲ್ಲ. ಇಟ್ಟಳು, ತೆಗೆದಳು, ದೀಪ ಆರಿತು. ನನ್ನ ದೃಶ್ಯದಲ್ಲಿ ಉಳಿದದ್ದು ಅಷ್ಟೇ.

ಕೊನೆಗೆ ಮಗ ಹೇಳಿದ. ಹೊರಗೆ ಹೆದ್ದಾರಿಯಲ್ಲಿ ಕೇರಳದ ಕಡೆ ಹೋಗುವ ಲಾರಿಯೊಂದು ಹಾರನ್ ಹೊಡೆದು ದಾಟಿತು. ಅದು ದಾಟುವವರೆಗೂ ಆಕೆ ಕಾದಳು. "ಎದ್ದವೆ. ಸೊಪ್ಪು ತಾ." ತೆರೆ ಬಿತ್ತು. ಆ ಮಾತು ನನ್ನದಾಗಿರಬಾರದಿತ್ತೇ ಎಂದು ಪರದೆ ಹಿಡಿದುಕೊಂಡು ನಿಂತಿದ್ದೆ.

ಜನ ಚದುರುವಾಗ ಅದೇ ಅಜ್ಜಿ ಮೊಮ್ಮಗಳ ಭುಜ ಹಿಡಿದು ಬಂದರು. ನಾಟಕ ಬರೆದವರು ಎಲ್ಲಿ ಎಂದು ಕೇಳಿದವರಿಗೆ ಯಾರೋ ನನ್ನನ್ನು ತೋರಿಸಿದ್ದರು.

"ನೀವಾ ಬರ್ದೋರು?"

"ಅಲ್ಲ ಕಣವ್ವ. ನಾನು ಕನ್ನಡಕ್ಕೆ ಮಾಡಿದೋನು. ಬರೆದೋರು ಬೇರೆ ದೇಶದೋರು, ತೀರ್ಕೊಂಡ್ರು."

"ಅವ್ರ ಮನೇಲಿ ಉಳ ಇದ್ದೋ?"

"ಇದ್ದೋ."

"ಅದೇ ಅನ್ಕಂಡೆ. ಇಲ್ದೋರು ಇಂಗೆ ಬರೆಯಾಕಿಲ್ಲ." ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ದು ಯಾವೂರು?"

ಬೇಗೂರಿನ ಒಳಗಡೆ ಎಂದು ಊರಿನ ಹೆಸರು ಹೇಳಿದೆ.

"ಆ ಊರಾ! ಅಲ್ಲಿ ಮನೆಮನೇಲೂ ಉಳ ಇದ್ದೋ. ನಿಮ್ಮನೇಲಿ?"

"ನಮ್ಮನೇಲೂ ಇದ್ದೋ."

"ಮತ್ತೆ ನೀವ್ಯಾಕ್ ಬರೀನಿಲ್ಲ?"

ಚೀಲ ಹೆಗಲಿಗೇರಿಸಿ, ಬಸ್ಸಿಗೆ ಹೊತ್ತಾಯಿತು ಕಣವ್ವ ಎಂದೆ.